ಕುಲಾವಿ ತೊಟ್ಟ ಗುಂಡುಕಲ್ಲು

ನನ್ನ ಹೆಸರು ಕರಿಸಿದ್ದಯ್ಯ. ಮೂವತ್ತೆರಡು ವರ್ಷ ಸರ್ಕಾರಿ ಬಸ್ಸಿನಲ್ಲಿ ಕಂಡಕ್ಟರಾಗಿದ್ದೆ, ಮಳವಳ್ಳಿಯಿಂದ ಬೆಂಗಳೂರು, ಬೆಂಗಳೂರಿಂದ ಮಳವಳ್ಳಿ. ಎಂಟು ವರ್ಷದ ಹುಡುಗನನ್ನು ಮೂರು ವರ್ಷದವನೆಂದು ಸಾಧಿಸಲು ಸೊಂಟಕ್ಕೇರಿಸಿಕೊಂಡು ಏದುಸಿರು ಬಿಟ್ಟ ತಾಯಂದಿರನ್ನು ನೋಡಿದ್ದೇನೆ. ಚೀಲದೊಳಗಿನ ಹುಂಜ ಕೂಗಿದಾಗ ತಾವೇ ಕೆಮ್ಮಿದವರನ್ನು ನೋಡಿದ್ದೇನೆ. ಆದ್ದರಿಂದ ಪ್ರಯಾಣಿಕರು ಏನು ಮಾಡಿದರೂ ನನಗೆ ಆಶ್ಚರ್ಯವಿಲ್ಲ. ಆದರೆ ಹೋದ ಫೆಬ್ರವರಿಯಲ್ಲಿ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಒಂದು ಗುಂಡುಕಲ್ಲಿಗೆ ಕುಲಾವಿ ತೊಡಿಸಿ, ದೃಷ್ಟಿಬೊಟ್ಟಿಟ್ಟು, ಮಗುವಿನ ಸೀಟಿನಲ್ಲಿ ಕೂರಿಸಿ, ಬೆಲ್ಟು ಬಿಗಿದು ಟ್ರಾಲಿಯಲ್ಲಿ ತಳ್ಳಿಕೊಂಡು ಹೋದವನು ಯಾರು ಎಂದರೆ ನಾನೇ. ನಗುವವರು ಈಗಲೇ ನಕ್ಕುಬಿಡಿ.

ನನ್ನ ಮಗಳು ಆಶಾರಾಣಿ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂನಲ್ಲಿ ಕಬ್ಬಿನ ರೋಗ ನೋಡುವ ವಿಜ್ಞಾನಿ. ಜನರನ್ನು ನೋಡುವ ಡಾಕ್ಟರಾಗು ಎಂದು ನಾನು ಹೇಳಿದ್ದೆ, ಅವಳು ಕಬ್ಬಿಗೆ ಡಾಕ್ಟರಾದಳು. ಅವಳಿಗೆ ಎರಡು ವರ್ಷ ಲಕ್ನೋಗೆ ಹೋಗಿ ಕೆಲಸ ಮಾಡುವ ಆದೇಶ ಬಂತು. ಗಂಡ ಮಹದೇವಸ್ವಾಮಿ ಬ್ಯಾಂಕಿನವನು. ತಾನೂ ಅಲ್ಲಿಗೇ ವರ್ಗ ಮಾಡಿಸಿಕೊಂಡು, ಮುಂಚೆ ಹೋಗಿ ಮನೆ ಹಿಡಿದು, ಹಳೆಯದೊಂದು ಕಾರನ್ನೂ ಕೊಂಡಿದ್ದ. ಬಾಣಂತನಕ್ಕೆಂದು ಭಾರತೀನಗರದ, ಅಂದರೆ ದೊಡ್ಡಿಯ, ನಮ್ಮ ಮನೆಯಲ್ಲಿದ್ದ ಆಶಾ, ಎಂಟು ತಿಂಗಳ ಪುಟ್ಟಿಯನ್ನು ಕರೆದುಕೊಂಡು ವಿಮಾನದಲ್ಲಿ ಹೋಗಬೇಕು. ಒಂದು ತಿಂಗಳ ಮಟ್ಟಿಗೆ ಜೊತೆಗೆ ನಾನು. ನನ್ನ ಜನ್ಮದಲ್ಲಿ ಮೊದಲನೆಯ ವಿಮಾನ. ಕಿಟಕಿ ಪಕ್ಕದ ಸೀಟು ಬೇಕೆಂದು ಹೇಳಿ ಮಾಡಿಸಿಕೊಂಡಿದ್ದೆ, ದೊಡ್ಡಿಯ ಕ್ಷೌರದಂಗಡಿಯಿಂದ ಸಕ್ಕರೆ ಕಾರ್ಖಾನೆ ಗೇಟಿನವರೆಗೆ ಆ ಸುದ್ದಿ ಗೊತ್ತಿಲ್ಲದವರಿರಲಿಲ್ಲ.

ಹೊರಡುವುದಕ್ಕೆ ವಾರವಿರುವಾಗ ಒಂದು ದೊಡ್ಡ ಪೆಟ್ಟಿಗೆ ಬಂತು. ಒಳಗೆ ಪುಟ್ಟಿಯ ಕಾರ್ ಸೀಟು. ಗಟ್ಟಿ ಪ್ಲಾಸ್ಟಿಕ್ಕು, ಮೆತ್ತನೆ ಹಾಸು, ಹೆಗಲ ಮೇಲಿಂದ ಎರಡು, ಸೊಂಟಕ್ಕೆರಡು, ಕಾಲ ನಡುವೆ ಒಂದು ಬೆಲ್ಟು. ಲಕ್ನೋದಲ್ಲಿ ಇಳಿದ ಗಳಿಗೆಯಿಂದ ಮಗು ಕಾರಿನಲ್ಲಿ ಕೂತರೆ ಇದರಲ್ಲೇ ಕೂರಬೇಕು ಎನ್ನುವುದು ಆಶಾಳ ಹಟ.

"ಪುಟ್ಟಿಗೂ ಒಂದು ಟಿಕೆಟ್ ತಗೊಂಡ್ರೆ ವಿಮಾನದೊಳಗೂ ಇದರಲ್ಲೇ ಕೂರಿಸ್ಕೊಂಡು ಹೋಗಬೋದು ಅಪ್ಪ. ಅದೇ ಸೇಫು," ಎಂದಳು.

ನನಗೆ ಸರ್ರನೆ ಏರಿತು. "ಮಡ್ಲಾಗಿರೋ ಕೂಸ್ಗೆ ಟಿಕೇಟಾ? ಮೂವತ್ತೆರಡು ವರ್ಷದಾಗೆ ಅಂಥ ಬುದ್ವಂತನ್ನ ನಾನು ಕಂಡಿಲ್ಲ ಕಣವ್ವ! ನಾಳೆ ನಿನ್ ಬಸ್ರಿಗೂ ಒಂದು ಟಿಕೇಟು ಅಂತಾರೆ."

ಮಗು ಆಶಾಳ ಮಡಿಲಲ್ಲಿ, ಸೀಟು ವಿಮಾನದ ಹೊಟ್ಟೆಯಲ್ಲಿ ಎಂದು ತೀರ್ಮಾನವಾಯಿತು. ಅದಕ್ಕೆಂದೇ ದಪ್ಪ ಚೀಲವೊಂದನ್ನು ತರಿಸಿ, ಸುತ್ತ ಕಂಬಳಿ, ರಗ್ಗು ತುರುಕಲು ಸಿದ್ಧ ಮಾಡಿಕೊಂಡಳು. ಸಾಮಾನು ಎಸೆಯುವಾಗ ಸೀಟಿಗೆ ಪೆಟ್ಟಾದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದಂತೆ, ಬಿರುಕು ಬಿಟ್ಟ ಸೀಟು ಆಪತ್ತಿನಲ್ಲಿ ಕೈಕೊಡುತ್ತದಂತೆ.

ಇಷ್ಟು ಹೊತ್ತೂ ನನ್ನ ಹೆಂಡತಿ ಚಿಕ್ಕನಂಜಮ್ಮ ಕಂಬಕ್ಕೊರಗಿ ನೋಡುತ್ತಿದ್ದಳು.

"ಇದ್ರಾಗೆ ಕೂಸು ಮಲಗ್ತದಾ?" ಎಂದಳು.

"ಮಲಗ್ತದೆ ಕಣವ್ವ."

"ಕಾರು ಓಡ್ದಾಗ ಅಲ್ಲಾಡ್ತದಾ?"

"ವಸಿ ಅಲ್ಲಾಡ್ತದೆ."

"ಮತ್ತಿನ್ನೇನು, ತೊಟ್ಲು. ತೊಟ್ಲು ಖಾಲಿ ಓಯ್ತದಾ?"

ಆಶಾ ನಕ್ಕಳು. ನನಗೆ ನಗು ಬರಲಿಲ್ಲ.

ಯಾಕೆ ಬರಲಿಲ್ಲ ಎಂದು ಹೇಳಿಬಿಡುತ್ತೇನೆ. ನಮ್ಮಲ್ಲಿ ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಒರಳಿನ ಗುಂಡುಕಲ್ಲು ಹಾಕುತ್ತಾರೆ. ಅದನ್ನು ತೊಳೆದು, ಕುಲಾವಿ ತೊಡಿಸಿ, ಮಲಗಿಸಿ ತೂಗುತ್ತಾರೆ. ಕಲ್ಲಿಗೆ ಸಾವಿಲ್ಲ, ಅದರ ಆಯಸ್ಸು ಕೂಸಿಗೆ ಬರಲಿ ಎಂದು. ಖಾಲಿ ತೊಟ್ಟಿಲು ತೂಗಬಾರದು, ಖಾಲಿ ತೊಟ್ಟಿಲನ್ನು ಊರಿಂದೂರಿಗೆ ಸಾಗಿಸಬಾರದು. ಆರು ವರ್ಷದ ಹಿಂದೆ ಆಶಾ ಮೊದಲ ಸಲ ಬಸುರಿಯಾದಾಗ ನಾನು ಚನ್ನಪಟ್ಟಣದಲ್ಲಿ ಬಣ್ಣದ ತೊಟ್ಟಿಲು ಕೊಂಡೆ. "ಒಂದು ತೆಂಗಿನಕಾಯಾದ್ರೂ ಮಡಗಿ ತಗಬಾ," ಎಂದು ಚಿಕ್ಕನಂಜಮ್ಮ ಫೋನಿನಲ್ಲಿ ಹೇಳಿದ್ದಳು. "ಲಗೇಜ್ ಟಿಕೇಟು ಹರ್ದಿದ್ದೀನಿ, ಇನ್ನೇನು ಪೂಜೆ ಬೇಕು," ಎಂದು ಜೋರು ಮಾಡಿ ಬಸ್ಸಿನ ಮೇಲೆ ಖಾಲಿಯಾಗೇ ಕಟ್ಟಿಸಿಕೊಂಡು ಬಂದೆ. ಹನ್ನೊಂದನೆಯ ದಿನ ಕೂಸು ಹೊಟ್ಟೆಯಲ್ಲೇ ತೀರಿಹೋಯಿತು.

ಚಿಕ್ಕನಂಜಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಅನ್ನದೆ ಇದ್ದದ್ದೇ ನನ್ನನ್ನು ಕೊಂದದ್ದು. ಅಲ್ಲಿಯವರೆಗೆ ನಮ್ಮ ಮನೆಯ ಜಗಳ ಬಸ್ ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಉಪ್ಪು ಹೆಚ್ಚಾಯಿತು ಎಂದರೆ ಮಡಕೆ ಕುಕ್ಕುತ್ತಿದ್ದವಳು, ಆಮೇಲೆ "ನೀವು" "ತಾವು" ಎಂದು ಬಡಿಸತೊಡಗಿದಳು. ಆರು ವರ್ಷದಿಂದ ನನ್ನ ಜೊತೆ ಒಂದೇ ಒಂದು ಜಗಳವಾಡಿಲ್ಲ. ಪಕ್ಕದ ಮನೆಯವರು ಪುಣ್ಯವಂತ ದಂಪತಿ ಎಂದು ಹೊಗಳುತ್ತಾರೆ. ನಾನು ಆ ಹೊಗಳಿಕೆ ಕೇಳಿ ಹಿತ್ತಲಿಗೆ ಹೋಗಿ ಬೀಡಿ ಹಚ್ಚುತ್ತೇನೆ.

ಹೊರಡುವ ದಿನ ಬೆಳಿಗ್ಗೆ ಅವಳು ನನ್ನನ್ನು ಒರಳಿನ ಹತ್ತಿರ ಕರೆದಳು. ಗುಂಡುಕಲ್ಲು ತೊಳೆದು ಒರೆಸಿಟ್ಟಿತ್ತು. ಪುಟ್ಟಿಯ ಕೆಂಪು ಕುಲಾವಿ ತೊಡಿಸಿ, ಕಾಡಿಗೆಯ ಬೊಟ್ಟನ್ನೂ ಇಟ್ಟಿದ್ದಳು.

"ಮಗಳು ಓದ್ದೋಳು, ನನ್ ಮಾತು ಕೇಳಾಕಿಲ್ಲ. ನೀವು ಖಾಲಿ ಕಳುಸ್ತೀರೋ, ತುಂಬಿ ಕಳುಸ್ತೀರೋ?" ಎಂದಳು.

ಅವಳ ಕೈ ಮೇಲೆ ಕೈಯಿಟ್ಟು ಭಾಷೆ ಕೊಟ್ಟೆ. ಮನೆಯಿಂದ ಲಕ್ನೋದವರೆಗೆ ಆ ಸೀಟು ಒಂದು ನಿಮಿಷವೂ ಖಾಲಿ ಇರುವುದಿಲ್ಲ ಎಂದೆ. ಈ ಸಲ ಮಾತು ತಪ್ಪಿದರೆ ಇನ್ನು ಸಾಯುವವರೆಗೂ ನನಗೆ ಆ "ನೀವು" ತಪ್ಪಿದ್ದಲ್ಲ ಎಂದು ಗೊತ್ತಿತ್ತು.

ಕಾರು ನಮ್ಮೂರಿನ ಶಿವರಾಜುವಿನದು. ದಾರಿಯುದ್ದಕ್ಕೂ ಪುಟ್ಟಿ ಸೀಟಿನಲ್ಲಿ ನಿದ್ದೆ ಮಾಡಿದಳು, ಆದ್ದರಿಂದ ತೊಂದರೆಯಿಲ್ಲ. ಕಲ್ಲು ನನ್ನ ತೊಡೆಯ ಮೇಲೆ ಬಟ್ಟೆಚೀಲದಲ್ಲಿತ್ತು. ಒಂಬತ್ತು ಕೆಜಿ, ಪುಟ್ಟಿಗಿಂತ ಒಂದು ಕೆಜಿ ಹೆಚ್ಚು. ಮದ್ದೂರು ದಾಟುವಷ್ಟರಲ್ಲಿ ಎರಡೂ ಕಾಲು ಜೋಮು ಹಿಡಿದವು.

"ಏನಪ್ಪ ಅದು?" ಎಂದಳು ಆಶಾ.

"ಬುತ್ತಿ," ಎಂದೆ.

ನಿಲ್ದಾಣದ ಮುಂದೆ ಅವಳು ಪುಟ್ಟಿಯನ್ನು ಎತ್ತಿಕೊಂಡ ತಕ್ಷಣ ನಾನು ಕಲ್ಲನ್ನು ಸೀಟಿನಲ್ಲಿಟ್ಟು ಐದೂ ಬೆಲ್ಟು ಹಾಕಿದೆ. ಆಶಾ ಒಂದು ಕ್ಷಣ ಕಣ್ಣು ಮುಚ್ಚಿಕೊಂಡಳು. ಕಬ್ಬಿನ ಗದ್ದೆಯಲ್ಲಿ ರೋಗ ಕಂಡಾಗಲೂ ಅವಳು ಹಾಗೆಯೇ ಕಣ್ಣು ಮುಚ್ಚುತ್ತಾಳೆ.

"ಅಪ್ಪ. ತೆಗಿ."

"ಒಳಗೋಗಿ ತೆಗೀತೀನಿ ನಡಿಯವ್ವ."

ಬಾಗಿಲಲ್ಲಿ ಬಂದೂಕು ಹಿಡಿದ ಪೊಲೀಸಿನವನು ಟಿಕೆಟ್ ನೋಡಿದ. ಎರಡು ದೊಡ್ಡವರು, ಒಂದು ಮಗು ಎಂದಿತ್ತು. ಅವನು ಆಶಾಳ ಹೆಗಲ ಮೇಲಿನ ಪುಟ್ಟಿಯನ್ನು ನೋಡಿದ. ಬಗ್ಗಿ ಟ್ರಾಲಿಯ ಕುಲಾವಿಯನ್ನು ನೋಡಿದ. ಮತ್ತೆ ಟಿಕೆಟ್ ನೋಡಿದ. ಒಂದು ಹೆಚ್ಚು ಬರುತ್ತಿತ್ತು. ಕುಲಾವಿಯನ್ನು ಬೆರಳಿನಿಂದ ಎತ್ತಿದವನು ಹಿಂದಿಯಲ್ಲಿ ಏನೋ ಕೇಳಿದ.

"ಕಲ್ಲು ಕಣಪ್ಪ," ಎಂದೆ. "ಇದ್ಕೆ ಟಿಕೇಟಿಲ್ಲ."

ಹಿಂದೆ ಸಾಲಿನಲ್ಲಿ ನಿಂತಿದ್ದ ಇಪ್ಪತ್ತು ಜನರ ಕಡೆ ಅವನೊಮ್ಮೆ ನೋಡಿ, ಬೆಳಿಗ್ಗೆಯೇ ಯಾಕೆ ರಗಳೆ ಎನಿಸಿತೋ ಏನೋ, ಕೈ ಬೀಸಿ ಒಳಗೆ ಬಿಟ್ಟ.

ಕೌಂಟರಿನಲ್ಲಿದ್ದ ಹುಡುಗಿಯ ಎದೆಯ ಮೇಲೆ ಸುನಿತಾ ಎಂದು ಬರೆದಿತ್ತು. ಮೊದಲು ಇಂಗ್ಲಿಷಿನಲ್ಲಿ ಶುರು ಮಾಡಿದವಳು ಕುಲಾವಿ ಕಂಡದ್ದೇ ಕನ್ನಡಕ್ಕೆ ಬಂದಳು.

"ಯಾವೂರು ತಾತ?"

"ದೊಡ್ಡಿ."

"ನಮ್ದು ಮಳವಳ್ಳಿ." ದನಿ ತಗ್ಗಿಸಿದಳು. "ತೊಟ್ಲು ಖಾಲಿ ಕಳುಸ್ಬಾರ್ದು ಅಂತಾನಾ?"

ನನಗೆ ಹೋದ ಜೀವ ಬಂದಂತಾಯಿತು. ನೋಡು, ಹೇಗೆ ಅರ್ಥವಾಯಿತು ಎಂದು ಆಶಾಳ ಕಡೆ ತಿರುಗಿದೆ. ಅವಳು ಮೇಲೆ ತಾರಸಿ ನೋಡುತ್ತಿದ್ದಳು.

"ಮಗು ಸೀಟಿಗೆ ನಾವು ದುಡ್ಡು ತಗಳಲ್ಲ ತಾತ," ಎಂದಳು ಸುನಿತಾ, "ಆದ್ರೆ ಒಳಗೆ ಏನೂ ಇರಬಾರ್ದು. ಕಲ್ಲನ್ನ ಬೇರೆ ಚೀಲದಾಗೆ ಹಾಕಿ ಕಳಿಸ್ಬೋದು."

"ಆಗ ಸೀಟು ಖಾಲಿ ಆಯ್ತದಲ್ಲವ್ವ."

"ಆಯ್ತದೆ," ಎಂದು ಅವಳೂ ಒಪ್ಪಿಕೊಂಡಳು.

ಅವಳ ಮೇಲಧಿಕಾರಿ, ಕೊರಳಪಟ್ಟಿ ಬಿಗಿದವನು, ಬಂದ. ಅವನು ಯಾವ ಊರಿನವನೋ, ಆದರೆ ನಮ್ಮ ಕಡೆಯವನಂತೂ ಅಲ್ಲ.

"ಇದೇನು?" ಎಂದ.

"ಗುಂಡುಕಲ್ಲು."

"ಬೆಲ್ಟ್ ಯಾಕೆ ಹಾಕಿದ್ದೀರಿ?"

"ಸೇಫ್ಟಿಗೆ."

"ಟೋಪಿ?"

"ಇಲ್ಲಿ ಏಸಿ ಜಾಸ್ತಿ ಅದೆ."

ಅವನು ಸ್ವಲ್ಪ ಹೊತ್ತು ಕಲ್ಲಿನ ಮುಖವನ್ನೇ ನೋಡಿದ. ಕಲ್ಲೂ ಅವನನ್ನೇ ನೋಡುತ್ತಿರುವಂತಿತ್ತು. ಬೊಟ್ಟು ಇಟ್ಟ ಜಾಗ ಹಾಗಿತ್ತು. ಕೊನೆಗೆ ಅವನು, ಒಳಗೆ ಜೊತೆಯಲ್ಲಿ ಒಯ್ಯಬೇಕೆಂದರೂ ತಪಾಸಣೆಯವರು ಬಿಡುವುದಿಲ್ಲ, ಯಾರ ತಲೆಗಾದರೂ ಎತ್ತಿಹಾಕಬಹುದಾದ ವಸ್ತು ಎಂದು ಹೇಳಿ ಹೊರಟುಹೋದ. ಮೂವತ್ತೆರಡು ವರ್ಷ ಹೀಗೆ ರೂಲ್ಸು ಹೇಳಿ ಹೊರಟುಹೋಗುತ್ತಿದ್ದವನು ನಾನು. ಹೇಳಿಸಿಕೊಂಡವರ ಹೊಟ್ಟೆಯುರಿ ಅವತ್ತು ಗೊತ್ತಾಯಿತು.

ಚಿಕ್ಕನಂಜಮ್ಮನಿಗೆ ಫೋನು ಮಾಡಿದೆ. ಸುನಿತಾ ಕೇಳಲಿ ಎಂದು ಸ್ಪೀಕರಿಗೆ ಹಾಕಿದೆ. ಹಿಂದಿನ ಸಾಲಿನವರೂ ಕೇಳಿದರು.

"ಕಲ್ಲಿಗೆ ಬದ್ಲು ಬೇರೇನಾದ್ರೂ ಮಡಗ್ಬೋದಾ? ಪುಟ್ಟಿ ಡೈಪರು ಅವೆ."

"ಉಚ್ಚೆ ಬಟ್ಟೆ ತುಂಬಿದ್ರೆ ತೊಟ್ಲು ತುಂಬ್ದಂಗಾ? ಬ್ಯಾಡಿ."

"ಬೆಲ್ಲದಚ್ಚು?" ಎಂದಳು ಸುನಿತಾ, ಉತ್ಸಾಹದಲ್ಲಿ.

"ಯಾರವ್ವ ನೀನು? ಬೆಲ್ಲ ಕರಗ್ತದೆ. ಕರಗೋದು ಬ್ಯಾಡ."

"ತೆಂಗಿನಕಾಯಿ?" ಎಂದಳು ಸಾಲಿನಲ್ಲಿ ನಿಂತ ಯಾರೋ ಹೆಂಗಸು.

"ಒಡ್ದೋಯ್ತದೆ. ಒಡ್ಯೋದು ಬ್ಯಾಡ." ಆಮೇಲೆ ಹೇಳಿದಳು, "ಸಾವಿಲ್ದೆ ಇರೋದು ಏನಾರ ಇದ್ರೆ ಮಡಗಿ. ನಿಮ್ಮಿಷ್ಟ."

ಆ "ನಿಮ್ಮಿಷ್ಟ" ಕೇಳಿದ ಮೇಲೆ ಇನ್ನು ಕೇಳುವುದೇನೂ ಉಳಿಯಲಿಲ್ಲ. ಫೋನಿಟ್ಟೆ.

ಆಶಾಳ ತಾಳ್ಮೆ ಅಲ್ಲಿಗೆ ಮುಗಿಯಿತು. "ಅಪ್ಪ, ನಾನು ಈ ಸೀಟಿಗೆ ವಾರದಿಂದ ಕಂಬಳಿ ಸುತ್ತುತಾ ಇರೋದು ಯಾಕೆ? ಪೆಟ್ಟಾಗಬಾರದು ಅಂತ. ಒಂಬತ್ತು ಕೆಜಿ ಕಲ್ಲು ಒಳಗಿಟ್ಟು ಯಾರಾದ್ರೂ ಲಗೇಜ್ ಬೆಲ್ಟಿನ ಮೇಲೆ ಎಸೆದ್ರೆ, ಹೊರಗಿಂದಲ್ಲ, ಒಳಗಿಂದಾನೇ ಸೀಟು ಬಿರುಕು ಬಿಡ್ತದೆ. ಮೇಲೆ ಕಾಣೋದೇ ಇಲ್ಲ. ನಾಳೆ ಅದರಲ್ಲಿ ಪುಟ್ಟೀನ ಕೂರಿಸ್ತೀವಿ. ಕಾರಿಗೆ ಏನಾದ್ರೂ ತಗುಲಿದ್ರೆ? ಮಗು ಉಳೀಲಿ ಅಂತ ಇಟ್ಟ ಕಲ್ಲೇ ಮಗೂನ ತೆಗೀತದೆ. ಅರ್ಥ ಆಯ್ತದಾ ನಿಂಗೆ?"

ಅರ್ಥವಾಯಿತು. ಅತ್ತ ದರಿ, ಇತ್ತ ಪುಲಿ. ಕಲ್ಲಿಟ್ಟರೆ ಸೀಟು ಹೋಗುತ್ತದೆ, ಕಲ್ಲು ತೆಗೆದರೆ ಮಾತು ಹೋಗುತ್ತದೆ. ಟ್ರಾಲಿಯ ಹಿಡಿ ಗಟ್ಟಿಯಾಗಿ ಹಿಡಿದುಕೊಂಡು ನಿಂತೆ.

"ನಿಂಗ್ಯಾಕಪ್ಪ ಇದೆಲ್ಲ? ನೀನು ಇವನ್ನೆಲ್ಲ ನಂಬೋನಲ್ಲ."

"ಅವತ್ತು ತೊಟ್ಲು ಖಾಲಿ ತಂದೋನು ನಾನೇ ಕಣವ್ವ," ಎಂದೆ. ಅಷ್ಟು ಜನರ ನಡುವೆ ಅಳು ಬಂತು ಎಂದು ಹೇಳಿಕೊಳ್ಳಲು ನನಗೇನೂ ನಾಚಿಕೆಯಿಲ್ಲ.

ಆಶಾ ಪುಟ್ಟಿಯನ್ನು ಇನ್ನೊಂದು ಹೆಗಲಿಗೆ ಹಾಕಿಕೊಂಡಳು. "ತೊಟ್ಟಿಲಿಂದ ಮಗು ಸಾಯಲ್ಲಪ್ಪ," ಎಂದಳು ಮೆಲ್ಲಗೆ.

"ನಂಗೊತ್ತು. ನಿಮ್ಮವ್ವಂಗೆ ಗೊತ್ತಾ?"

ಆಶಾ ಬಗ್ಗಿ ಕಲ್ಲಿನ ಕುಲಾವಿಯನ್ನು ಸರಿಮಾಡಿದಳು.

ಸುನಿತಾ ಮೂಗೊರೆಸಿಕೊಂಡು ಕಂಪ್ಯೂಟರು ಕುಟ್ಟಿದಳು. "ಮಗುವಿಗೇ ಒಂದು ಸೀಟಿದ್ದಿದ್ರೆ ಇದನ್ನ ಒಳಗೇ ಒಯ್ದು ಕಿಟಕಿ ಪಕ್ಕ ಕಟ್ಟಿ, ಮಗೂನ ಕೂರಿಸ್ಬೋದಿತ್ತು. ಈ ಸೀಟಿನ ಮೇಲೆ ವಿಮಾನಕ್ಕೆ ಆಗ್ತದೆ ಅಂತ ಚೀಟಿನೂ ಅದೆ. ಎಸ್ಯೋದೂ ಇಲ್ಲ, ಖಾಲಿನೂ ಇರಲ್ಲ. ಆದ್ರೆ ಇವತ್ತು ಫುಲ್ಲು ತಾತ. ಒಂದು ಸೀಟೂ ಇಲ್ಲ."

"ಕಿಟಕಿ ಪಕ್ಕಾನೇ ಆಗ್ಬೇಕಾ?"

"ಅಲ್ಲೇ ಕಟ್ಬೇಕು. ಬೇರೆಯವರು ಎದ್ದೋಡಾಡೋಕೆ ಅಡ್ಡ ಆಗ್ಬಾರ್ದಲ್ಲ."

ಫುಲ್ಲಾದ ಬಸ್ಸಿನಲ್ಲಿ ಸೀಟು ಹೇಗೆ ಹುಟ್ಟುತ್ತದೆ ಎಂದು ಕಂಡಕ್ಟರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಬ್ಬರು ಇಳಿಯಬೇಕು, ಅಷ್ಟೆ.

"ನನ್ದು ಕ್ಯಾನ್ಸಲ್ ಮಾಡವ್ವ," ಎಂದೆ. "ಅದನ್ನ ಪುಟ್ಟಿ ಎಸರಿಗೆ ಬರಿ."

ಆಶಾ ಬೇಡ ಬೇಡ ಎಂದಳು. ನಾನು ಒಮ್ಮೆ ಕೂಗಿದೆ. ಆ ಕೂಗಿಗೆ ಹಿಂದೆ ಬಸ್ಸುಗಳೇ ನಿಲ್ಲುತ್ತಿದ್ದವು. ಸುನಿತಾ ಎಲ್ಲೆಲ್ಲಿಗೋ ಫೋನು ಮಾಡಿದಳು, ಕೊರಳಪಟ್ಟಿಯವನನ್ನು ಎರಡು ಸಲ ಕರೆಸಿದಳು, ಕೊನೆಗೆ ಪುಟ್ಟಿಯ ಹೆಸರಿನ ಚೀಟಿ ಕೈಗಿತ್ತಳು. ನಾನು ಒಂದು ಕೈಯಲ್ಲಿ ಕಲ್ಲನ್ನೆತ್ತಿದೆ, ಅದೇ ಗಳಿಗೆಗೆ ಆಶಾ ಪುಟ್ಟಿಯನ್ನು ಇಳಿಸಿದಳು. ನಡುವೆ ಗಾಳಿ ಆಡಲೂ ಬಿಡಲಿಲ್ಲ. ಸಾಲಿನಲ್ಲಿದ್ದ ಆ ಹೆಂಗಸು ಚಪ್ಪಾಳೆ ತಟ್ಟಿಬಿಟ್ಟಳು. ಸುನಿತಾಳ ಕಡೆಯ ಒಬ್ಬ ಸೀಟನ್ನೆತ್ತಿಕೊಂಡು ಆಶಾಳ ಜೊತೆ ವಿಮಾನದವರೆಗೂ ಹೋದ. ಪುಟ್ಟಿ ಅದರಲ್ಲಿ ಕೂತು ಕಾಲು ಬಡಿಯುತ್ತಾ ಹೋದಳು, ನನ್ನ ಕಡೆ ತಿರುಗಿಯೂ ನೋಡಲಿಲ್ಲ.

ಒಳಗೆ ಹೋದವನು ಹೊರಗೆ ಬರುವುದು ಇನ್ನೊಂದು ರಾಮಾಯಣ. ವಿಮಾನ ಹತ್ತಲು ಬಂದವನು ಕುಲಾವಿ ತೊಟ್ಟ ಕಲ್ಲನ್ನು ಅವಚಿಕೊಂಡು ವಾಪಸು ಯಾಕೆ ಹೋಗುತ್ತಿದ್ದೇನೆ ಎಂದು ಮೂರು ಕಡೆ ವಿವರಿಸಿದೆ. ಮೂವರೂ ಪಾಪ ಎಂದರು. ಶಿವರಾಜು ಹೊರಗೆ ಇಡ್ಲಿ ತಿನ್ನುತ್ತಿದ್ದ. ಏನೂ ಕೇಳದೆ ಕಲ್ಲನ್ನು ಹಿಂದಿನ ಸೀಟಿನಲ್ಲಿಟ್ಟು ಬೆಲ್ಟು ಹಾಕಿದ. "ಹಿಂದ್ಲೋರ್ಗೂ ಬೆಲ್ಟು ಕಂಪಲ್ಸರಿ ಕಣಣ್ಣ," ಎಂದ.

ಮದ್ದೂರು ದಾಟಿದ ಮೇಲೆ ಆಶಾ ಫೋನು ಮಾಡಿದಳು. ಇಳಿದಿದ್ದರು, ಮಹದೇವಸ್ವಾಮಿ ಬಂದಿದ್ದ, ಪುಟ್ಟಿ ದಾರಿಯುದ್ದಕ್ಕೂ ಅದರಲ್ಲೇ ಮಲಗಿದ್ದಳು. ಅವ್ವನಿಗೆ ನಾನೇ ಮುಖತಃ ಹೇಳುತ್ತೇನೆ ಎಂದೆ.

ಚಿಕ್ಕನಂಜಮ್ಮ ಜಗಲಿಯ ಮೇಲೆ ಹುರುಳಿ ಕೇರುತ್ತಿದ್ದಳು. ಕಲ್ಲಿನ ಸಮೇತ ನನ್ನನ್ನು ಕಂಡು ಮೊರ ನಿಂತಿತು.

"ಖಾಲಿ ಓಗ್ಲಿಲ್ಲ," ಎಂದೆ ಮೊದಲಿಗೇ. "ಪುಟ್ಟೀನೇ ಕೂತ್ಕಂಡು ಓದ್ಲು. ನನ್ ಸೀಟ್ನಾಗೆ."

"ಕಿಟ್ಕಿ ಸೀಟ್ನಾಗಾ?"

"ಊಂ."

ಅವಳು ಮೊರವನ್ನು ಕೆಳಗಿಟ್ಟಳು. ಹುರುಳಿಯಲ್ಲಿ ಬೆರಳಾಡಿಸಿದಳು.

"ಒಂದು ಮಾತು ಯೋಳ್ತೀನಿ. ಅವತ್ತು ನೀವು ತೊಟ್ಲು ತರಾಕೆ ನಾಕು ದಿನ ಮುಂಚೇನೇ, ಮಂಡ್ಯದಾಗೆ ಸ್ಕ್ಯಾನಿಂಗ್ ಮಾಡಿದ್ ಡಾಕ್ಟ್ರಮ್ಮ ನನ್ನ ಪಕ್ಕಕ್ಕೆ ಕರ್ದು ಅಂದಿದ್ರು. ಕೂಸು ಬೆಳೀತಿಲ್ಲ, ಉಳ್ಯೋದು ಕಷ್ಟ ಅಂತ. ಮಗ್ಳು ಎದ್ರಿಕಂತಾಳೆ, ಈಗ್ಲೇ ಯೋಳ್ಬೇಡಿ ಅಂದ್ರು. ನಾನು ಯಾರ್ಗೂ ಯೋಳ್ಲಿಲ್ಲ."

"ತೊಟ್ಲಿಗೆ ಮುಂಚೇನಾ?"

"ಮುಂಚೇನೇ. ದ್ಯಾವ್ರನ್ನ ಬಯ್ಯಾಕೆ ಎದ್ರಿಕೆ. ಡಾಕ್ಟ್ರಮ್ಮ ಒಳ್ಳೇವ್ಳು. ನೀವೊಬ್ರು ಕೈಗೆ ಸಿಕ್ದ್ರಿ."

ಆರು ವರ್ಷ. ತೋಳಿನಲ್ಲಿ ಒಂಬತ್ತು ಕೆಜಿ ಕಲ್ಲಿತ್ತು. ಅಳಬೇಕೆಂದು ಬಾಯಿ ತೆರೆದರೆ ಬಂದದ್ದು ಬೈಗುಳ.

"ಲೇ, ಈ ಮಾತ ಬೆಳಿಗ್ಗೆ ಯೋಳಾಕೇನಾಗಿತ್ತೇ ನಿಂಗೆ? ವಿಮಾನದಾಗಿರ್ತಿದ್ದೆ ನಾನು! ಮೋಡ ನೋಡ್ತಾ ಇರ್ತಿದ್ದೆ! ಕಲ್ಲಿಗೆ ಟೋಪಿ ಹಾಕ್ಕಂಡು ಊರ್ ಜನದ್ಮುಂದೆ ನಿಂತ್ಕಂಡಿದ್ನಲ್ಲೇ!"

"ಯಾರು ಬುಡು ಅಂದೋರು ಕಿಟ್ಕಿ ಸೀಟ?" ಅವಳೂ ಎದ್ದಳು. ಮೊರ ಉರುಳಿ ಹುರುಳಿಯೆಲ್ಲ ಜಗಲಿ ತುಂಬ ಚೆಲ್ಲಿತು. "ಕೂಸ್ಗೂ ಒಂದು ಟಿಕೇಟು ತಗಳಾಣ ಅಂತ ಮಗ್ಳು ಬಡ್ಕಂಡ್ಲು. ಕಂಡಕ್ಟ್ರು ಬುದ್ಧಿ ತೋರ್ಸ್ದೋನು ನೀನು ಕಣಯ್ಯ! ಜಿಪುಣ! ನಿನ್ ತಮ್ಮನ್ ಮದ್ವೇಲೂ ಇಂಗೇ..."

ಅಲ್ಲಿಂದ ಶುರುವಾಯಿತು. ತಮ್ಮನ ಮದುವೆಗೆ ನಾನು ಅವಳ ತವರಿನವರನ್ನು ಕರೆಯದಿದ್ದದ್ದು, ಅವಳು ನನ್ನ ಯೂನಿಫಾರಂ ಸುಟ್ಟದ್ದು, ಕೊತ್ತತ್ತಿಯ ನೆಂಟರು, ಹಾಳಾದ ಎಮ್ಮೆ, ಒಂದೂ ಉಳಿಯಲಿಲ್ಲ. ಆರು ವರ್ಷದ ಬಾಕಿಯೆಲ್ಲ ಒಟ್ಟಿಗೆ ಬಂತು. ಪಕ್ಕದ ಮನೆಯ ಮರಿತಾಯಮ್ಮ ಹಿಟ್ಟು ಮೆತ್ತಿದ ಕೈಯಲ್ಲೇ ಓಡಿಬಂದಳು.

"ಏನಾಯ್ತ್ರವ್ವ? ಯಾರ್ಗೇನಾಯ್ತು?"

"ಏನೂ ಆಗಿಲ್ಲ ಓಗವ್ವ, ಜಗ್ಳ ಆಡ್ತಾ ಇದ್ದೀವಿ," ಎಂದು ಚಿಕ್ಕನಂಜಮ್ಮ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನ್ನ ಕಡೆ ತಿರುಗಿದಳು. "ಎಲ್ಲಿಗಂಟ ಬಂದಿದ್ದೆ ನಾನು?"

"ಎಮ್ಮೆಗಂಟ," ಎಂದೆ.